ಡೋಣಿಯ ಏಳು ನಿಮಿಷ

ನೌಕರಿ ಬಿಟ್ಟು ಸ್ವಂತ ಬೋರ್ಡು ಹಾಕಿಕೊಂಡವರಿಗೆ ಇರುವ ಬಂಡವಾಳ ಒಂದೇ, ಹೆಸರು. ನನ್ನದಿನ್ನೂ ಒಂಬತ್ತು ತಿಂಗಳ ಕೂಸು. ಬೇರೆಬೇರೆ ಊರಿನ ಕಂಪ್ಯೂಟರುಗಳು ಸೇರಿ ಒಂದೇ ದಾಖಲೆ ಇಟ್ಟುಕೊಳ್ಳುವ ವ್ಯವಸ್ಥೆಗಳಿರುತ್ತವಲ್ಲ, ಅವು ಎಲ್ಲಿ ಕೈಕೊಡುತ್ತವೆ ಎಂದು ಹುಡುಕಿ ಹೇಳುವುದು ನನ್ನ ಉದ್ಯೋಗ. ಬೆಟಗೇರಿಯ ನಮ್ಮ ಮನೆಯಲ್ಲೊಂದು, ಲಕ್ಷ್ಮೇಶ್ವರದ ಸೋದರತ್ತೆಯ ಮನೆಯಲ್ಲೊಂದು, ಡೋಣಿ ಎಂಬ ಹಳ್ಳಿಯ ಮಕ್ತುಮಸಾಬರ ಝೆರಾಕ್ಸ್ ಅಂಗಡಿಯಲ್ಲೊಂದು ಹಳೆಯ ಯಂತ್ರ ಇಟ್ಟಿದ್ದೇನೆ. ದೊಡ್ಡ ಊರಿನ ಪರೀಕ್ಷಕರು ಎಸಿ ಕೋಣೆಯಲ್ಲಿ ಕುಳಿತು ಬೇಕೆಂದೇ ವಯರು ಕಿತ್ತು ನೋಡುತ್ತಾರೆ. ನನಗೆ ಆ ತಾಪತ್ರಯವಿಲ್ಲ, ಕರೆಂಟು ತಾನೇ ಹೋಗುತ್ತದೆ. ಗಿರಾಕಿಗಳ ಮುಂದೆ ಇದನ್ನೇ ನನ್ನ ಹೆಚ್ಚುಗಾರಿಕೆ ಎಂದು ಕೊಚ್ಚಿಕೊಳ್ಳುತ್ತೇನೆ.

ಮೂರನೆಯ ಗಿರಾಕಿ ಹುಬ್ಬಳ್ಳಿಯ ಸಣ್ಣ ಕಂಪನಿ. ಊರೂರಿನ ರಕ್ತನಿಧಿಗಳಲ್ಲಿ ಯಾವ ಚೀಲ ಯಾರಿಗೆ ಮೀಸಲು ಎಂದು ನೋಡಿಕೊಳ್ಳುವ ತಂತ್ರಾಂಶ ಅವರದು. ಇನ್ನೂ ಜಾರಿಗೆ ಬಂದಿರಲಿಲ್ಲ. ಮೂರು ವಾರ ಹುಸಿ ಹೆಸರಿನ ರೋಗಿಗಳನ್ನು ಹಾಕಿ ಪರೀಕ್ಷಿಸಿ ಬುಧವಾರ ವರದಿ ಕಳಿಸಿದೆ. ಒಂದೇ ಚೀಲ ರಕ್ತ ಏಕಕಾಲಕ್ಕೆ ಇಬ್ಬರಿಗೆ ಮೀಸಲಾಗಿದೆ ಎಂದು ಬರೆದಿದ್ದೆ. ಆದದ್ದು ಒಮ್ಮೆ ಮಾತ್ರ, ಆದರೆ ರಕ್ತದ ವಿಷಯದಲ್ಲಿ ಒಮ್ಮೆ ಸಾಕಲ್ಲ! ಕಳಿಸಿದ ಮೇಲೆ, ಸುಳ್ಳೇಕೆ ಹೇಳಲಿ, ಕನ್ನಡಿ ಮುಂದೆ ನಿಂತು ನಕ್ಕೆ. ಕಂಪನಿಯ ಮುಖ್ಯಸ್ಥ ವೆಂಕಟೇಶ ಉದ್ಘಾಟನೆ ತಡೆದು, ಶುಕ್ರವಾರ ನಾಲ್ಕು ಗಂಟೆಗೆ ವಿಡಿಯೋ ಸಭೆ ಕರೆದರು.

ಶುಕ್ರವಾರ ಬೆಳಿಗ್ಗೆ ಯಂತ್ರದ ಧೂಳು ಒರೆಸಿ ಬರೋಣವೆಂದು ಡೋಣಿಗೆ ಹೋದೆ. ಪರದೆಯ ಮೂಲೆಯಲ್ಲಿ ಒಂಬತ್ತು ಮೂವತ್ತಮೂರು. ಅಂಗಡಿಯ ಗೋಡೆ ಗಡಿಯಾರದಲ್ಲಿ ಒಂಬತ್ತು ನಲವತ್ತು.

“ಏನ್ರಿ ಸಾಹೇಬ್ರ, ನಿಮ್ಮ ಗಡಿಯಾರ ಭಾಳ ಜಲ್ದಿ ಓಡಾಕತ್ತೈತಿ?” ಎಂದು ಚಾಷ್ಟಿ ಮಾಡಿದೆ.

“ಅದು ಖರೆ ಐತ್ರಿ. ಬೇಕಾದ್ರ ಮೊಬೈಲ್ ನೋಡ್ರಿ,” ಎಂದರು ಮಕ್ತುಮಸಾಬರು. “ನಿಮ್ಮ ಮಷೀನ ಹಿಂದ ಬಿದ್ದೈತಿ. ತಿಂಗಳಾತು ನೋಡಾಕತ್ತೇನಿ. ನೀವ ಏನೋ ಬೇಕಂತ ಮಾಡಿರಬೇಕು ಅಂತ ಸುಮ್ನಿದ್ದೆ.”

ಬೇಕೆಂದೇ ಮಾಡಿದ್ದು ನಿಜ. ಹಿಂದಿನ ಗಿರಾಕಿಯ ಪರೀಕ್ಷೆಗೆಂದು ಈ ಯಂತ್ರದ ಸಮಯವನ್ನು ನಾನೇ ಏಳು ನಿಮಿಷ ಹಿಂದಕ್ಕೆ ಹಾಕಿದ್ದೆ. ಮುಗಿದ ಮೇಲೆ ಸರಿಮಾಡಲು ಮರೆತೆ. ಮೊದಲು ಎಲ್ಲ ಯಂತ್ರಗಳ ಗಡಿಯಾರ ನೋಡಿ ಎಂದು ಬೇರೆಯವರಿಗೆ ಪಾಠ ಹೇಳುವ ದೊಡ್ಡ ಜಾಣೆ ನಾನು! ಅಲ್ಲೇ ಸ್ಟೂಲಿನ ಮೇಲೆ ಕುಳಿತು ದಾಖಲೆ ತೆಗೆದೆ. ಲಕ್ಷ್ಮೇಶ್ವರದಲ್ಲಿ ಆ ಚೀಲದ ಮೀಸಲು ರದ್ದಾದದ್ದು ಹನ್ನೊಂದು ಹತ್ತಕ್ಕೆ. ಡೋಣಿಯಲ್ಲಿ ಅದೇ ಚೀಲ ಇನ್ನೊಬ್ಬರಿಗೆ ಮೀಸಲಾದದ್ದು ಹನ್ನೊಂದು ಐದಕ್ಕೆ ಎಂದಿತ್ತು. ಏಳು ಕೂಡಿಸಿದರೆ ಹನ್ನೊಂದು ಹನ್ನೆರಡು. ಅಂದರೆ ರದ್ದಾದ ಮೇಲೆಯೇ ಕೊಟ್ಟಿದೆ. ತಂತ್ರಾಂಶದಲ್ಲಿ ಯಾವ ತಪ್ಪೂ ಇರಲಿಲ್ಲ.

ತಂತ್ರಾಂಶದಲ್ಲಿ ಮೀಸಲಿನ ಭಾಗ ಬರೆದವನು ಸಂಜೀವ, ಶಿರಹಟ್ಟಿಯ ಹುಡುಗ. ಮೊದಲು ಅವನಿಗೆ ಹೇಳಬೇಕೆಂದು ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ.

“ಮೇಡಂ, ನೀವು ಹೇಳಿದ ತಪ್ಪು ಸಿಕ್ತ್ರಿ! ನಿನ್ನೆ ರಾತ್ರಿ ಸರಿ ಮಾಡೇನಿ. ಇಲ್ಲೆ ಮತ್ತ ಓಡಿಸಿ ನೋಡಿದ್ವಿ, ಬರವಲ್ದು. ಸರ್‌ಗೂ ಹೇಳಿದೆ, ಖುಷಿ ಆದ್ರು.”

ಇಲ್ಲದ ತಪ್ಪು ಇವನಿಗೆ ಎಲ್ಲಿ ಸಿಕ್ಕಿತು? ಕೇಳಬೇಕಿತ್ತು. “ಭಾಳ ಚಲೋ ಆತು” ಎಂದು ಫೋನಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದೆ.

ಗದಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತೆ. ಸುಮ್ಮನಿದ್ದರೆ ನನ್ನ ಹೆಸರೂ ಉಳಿಯುತ್ತದೆ, ಅವನ ಹೆಸರೂ ಉಳಿಯುತ್ತದೆ. ಗಡಿಯಾರವನ್ನು ಆಗಲೇ ಸರಿಮಾಡಿ ಬಂದಿದ್ದೆ, ಇನ್ನು ಯಾರಿಗೂ ತಿಳಿಯುವುದಿಲ್ಲ. ಮಕ್ತುಮಸಾಬರು ಹುಬ್ಬಳ್ಳಿಗೆ ಹೋಗಿ ಸಾಕ್ಷಿ ಹೇಳುವವರೇ? ಆದರೆ ಇಲ್ಲದ ರೋಗಕ್ಕೆ ಸಂಜೀವ ಕೊಟ್ಟ ಔಷಧ ಈಗ ತಂತ್ರಾಂಶದೊಳಗೆ ಕುಳಿತಿದೆ. ನಾಳೆ ಅದು ಏನು ಕೆಡಿಸುತ್ತದೋ, ಯಾರ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಾರೋ. ಮನೆಗೆ ಬಂದು ಊಟಕ್ಕೆ ಕುಳಿತೆ. ಮೂರು ಸಲ ಅವನ ನಂಬರು ತೆಗೆದು ಮೂರು ಸಲವೂ ಬಿಟ್ಟೆ.

ನಾಲ್ಕಕ್ಕೆ ಪರದೆಯ ಮೇಲೆ ಎಂಟು ಮುಖಗಳು. ವೆಂಕಟೇಶ ಗಂಟಲು ಸರಿಮಾಡಿಕೊಂಡರು.

“ನಮ್ಮವರು ಆರು ತಿಂಗಳು ನೋಡಿದ್ರೂ ಕಾಣಲಾರದ್ದು ಸೀಮಾ ಅವರಿಗೆ ಕಂಡ್ತು. ಇನ್ನಮ್ಯಾಲೆ ನಮ್ಮ ಎಲ್ಲಾ ಪರೀಕ್ಷಾ ಇವರ ಕಡೆನ. ಒಂದು ವರ್ಷದ ಕರಾರು ಬರದಿಡ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೀವ ಎಲ್ಲರಿಗಿಂತ ಜೋರಾಗಿ ತಟ್ಟಿದ. ಇನ್ನೊಂದು ನಿಮಿಷ ತಡೆದರೆ ಹೇಳಲಾರೆ ಅನ್ನಿಸಿತು.

“ಸರ್, ತಪ್ಪು ನಿಮ್ಮ ತಂತ್ರಾಂಶದಾಗ ಇರಲಿಲ್ರಿ. ನನ್ನ ಗಡಿಯಾರದಾಗ ಇತ್ತು,” ಎಂದೆ. ಡೋಣಿಯ ಕಥೆಯನ್ನೆಲ್ಲ ಹೇಳಿದೆ.

ವೆಂಕಟೇಶ ಮೇಜಿನ ಮೇಲಿದ್ದ ನನ್ನ ವರದಿಯನ್ನು ತಿರುವಿ ಹಾಕಿದರು. ಆಮೇಲೆ, “ಹಂಗಾದ್ರ ಸಂಜೀವ, ನೀ ಸರಿ ಮಾಡಿದ್ದೇನು?” ಎಂದರು.

ಈ ಪ್ರಶ್ನೆ ಬರುತ್ತದೆಂದು ನನಗೆ ಬಸ್ಸಿನಲ್ಲೇ ಗೊತ್ತಿತ್ತು. ಅವನಿಗೆ ಮೊದಲೇ ಒಂದು ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ, ಅಷ್ಟೇ.

“ಏನೂ ಸಿಕ್ಕಿರಲಿಲ್ರಿ ಸರ್,” ಎಂದ ಸಂಜೀವ. “ಎರಡು ದಿನ ಹುಡುಕಿದೆ. ಕಡೀಕ ಚಲೋ ಇದ್ದದ್ದನ್ನ ಬಿಚ್ಚಿ ಬ್ಯಾರೆ ಥರ ಬರದೆ. ಸೀಮಾ ಮೇಡಂ ಬರದಾರಂದ್ರ ತಪ್ಪು ಇರಬೇಕು, ನನ್ನ ಕಣ್ಣಿಗೇ ಕಾಣವಲ್ದು ಅಂತ ತಿಳ್ಕೊಂಡೆ.”

ನಾನು ಬರೆದದ್ದನ್ನು ಜನ ಕಣ್ಣು ಮುಚ್ಚಿ ನಂಬುವ ದಿನ ಬರಲಿ ಎಂದೇ ಇಷ್ಟು ದಿನ ಒದ್ದಾಡಿದ್ದೆ. ಹಾಗೆ ನಂಬಿದ ಮೊದಲ ಮನುಷ್ಯ ನನ್ನೆದುರಿನ ಪರದೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.