ಫೋನ್ ಇಡಬೇಡ

ಸೈನ್ಯಕ್ಕೆ ಸೇರುವ ಮೊದಲು ಅವನು ತನ್ನ ಸೋದರಮಾವನ ಅಂಗಡಿಯಲ್ಲಿ ಫ್ಯಾನು, ಮಿಕ್ಸಿ, ರೇಡಿಯೊ ರಿಪೇರಿ ಮಾಡಿಕೊಂಡಿದ್ದ. ಯುದ್ಧ ಶುರುವಾಗಿ ಅವನ ವಯಸ್ಸಿನವರನ್ನೆಲ್ಲ ಕರೆಸಿಕೊಂಡಾಗ ಭರ್ತಿ ಮಾಡಿಕೊಳ್ಳುವವರು, "ತಂತಿ ಜೋಡಿಸೋಕೆ ಬರುತ್ತಾ?" ಎಂದು ಕೇಳಿದರು. ಬರುತ್ತದೆ ಎಂದ. ಅಷ್ಟಕ್ಕೇ ಅವನಿಗೆ ಫೋನಿನ ಕೆಲಸ ಸಿಕ್ಕಿತು, ‘ತಂತಿ’ ಅನ್ನುವ ಹೆಸರೂ ಅಂಟಿಕೊಂಡಿತು. ಬಂದೂಕು ಹಿಡಿದು ಮುಂದೆ ನುಗ್ಗುವ ಕೆಲಸ ಅಲ್ಲವಲ್ಲ ಎಂದು ಅವನ ಅಕ್ಕ ಸಮಾಧಾನಪಟ್ಟಳು. ಅವನೂ ಒಳಗೊಳಗೇ ಸಮಾಧಾನಪಟ್ಟ.

ಜನರೆಲ್ಲ ಬಿಟ್ಟುಹೋಗಿದ್ದ ಒಂದು ಪೇಟೆಯೊಳಗೆ ಅವರ ತುಕಡಿ ಬೀಡುಬಿಟ್ಟಿತ್ತು. ಆಚೆ ಬೀದಿ ಶತ್ರುವಿನದು, ಈಚೆ ಬೀದಿ ಇವರದು. ತಂತಿ ಕೂರುತ್ತಿದ್ದದ್ದು ಒಂದು ಡ್ರೈಕ್ಲೀನಿಂಗ್ ಅಂಗಡಿಯ ನೆಲಮಾಳಿಗೆಯಲ್ಲಿ. ತಲೆಯ ಮೇಲೆ ಉದ್ದಕ್ಕೆ ಕಂಬಿ, ಕಂಬಿಯ ತುಂಬ ಯಾರುಯಾರದೋ ಕೋಟು, ಸೀರೆ, ಮಕ್ಕಳ ಸ್ವೆಟರು. ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ. ಷೆಲ್ ಬಿದ್ದಾಗಲೆಲ್ಲ ಬಟ್ಟೆಗಳೆಲ್ಲ ಒಟ್ಟಿಗೆ ತೂಗಾಡಿ ನಿಧಾನವಾಗಿ ನಿಲ್ಲುತ್ತಿದ್ದವು. ಅವು ನಿಲ್ಲುವವರೆಗೂ ಅವನ ಬಾಯಿಯಲ್ಲಿ ಹತ್ತಿ ತುರುಕಿದಂತಾಗುತ್ತಿತ್ತು. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಅಲ್ಲಿಂದ ಹೊರಟ ಫೋನಿನ ತಂತಿ ಎರಡು ಓಣಿ ದಾಟಿ ಒಬ್ಬ ಹಲ್ಲಿನ ಡಾಕ್ಟರ ಮನೆಯ ಮಹಡಿಗೆ ಹೋಗುತ್ತಿತ್ತು. ಡಾಕ್ಟರು ಊರು ಬಿಟ್ಟು ಎಷ್ಟೋ ದಿನವಾಗಿತ್ತು. ಅವರ ಕ್ಲಿನಿಕ್ಕಿನ ಕಿಟಕಿಯ ಹತ್ತಿರ ಕುಳಿತು ಶತ್ರುವಿನ ಬೀದಿಯ ಮೇಲೆ ಕಣ್ಣಿಟ್ಟಿದ್ದವನು ಗೊರಕೆ. ಅವನು ನಿದ್ದೆಗೆ ಬಿದ್ದರೆ ಶತ್ರುವಿಗೆ ಬೇರೆ ಗೂಢಚಾರರು ಬೇಡ ಎಂದು ತುಕಡಿಯವರೇ ಇಟ್ಟ ಹೆಸರು. ಬೇಸರವಾದಾಗ ತಂತಿ ಫೋನಿನ ಹಿಡಿ ತಿರುಗಿಸಿ, "ಡಾಕ್ಟರು ಇದಾರಾ?" ಎನ್ನುತ್ತಿದ್ದ.

"ಇಲ್ಲ, ಕಾಂಪೌಂಡರ್ ಇದೀನಿ. ಯಾವ ಹಲ್ಲು ಕೀಳಬೇಕು?" ಎನ್ನುತ್ತಿದ್ದ ಗೊರಕೆ.

ಒಂದು ಬೆಳಗ್ಗೆ ಶತ್ರುಗಳು ಡಾಕ್ಟರ ಮನೆಯ ಓಣಿಗೆ ನುಗ್ಗಿದರು. ಗುಂಡಿನ ಸದ್ದು ಎಷ್ಟು ಹೊತ್ತು ನಡೆಯಿತೋ ತಂತಿಗೆ ತಿಳಿಯಲಿಲ್ಲ. ಸದ್ದು ಅಡಗಿದ ಮೇಲೆ ಫೋನು ಬಂತು.

"ತಂತೀ, ಹೊಟ್ಟೆಗೆ ಬಿದ್ದಿದೆ ಕಣೋ," ಎಂದ ಗೊರಕೆ. ದನಿ ಮಾಮೂಲಾಗಿಯೇ ಇತ್ತು, ಸಾಲಕ್ಕೆ ಬೀಡಿ ಕೇಳುವವನ ಹಾಗೆ. "ಯಾರಾದ್ರೂ ಬರ್ತಾರಾ?"

ತಂತಿ ಓಡಿಹೋಗಿ ಕ್ಯಾಪ್ಟನ್ನರಿಗೆ ಹೇಳಿದ. ಕ್ಯಾಪ್ಟನ್ನರು ಕಣ್ಣು ಮುಚ್ಚಿ ತೆರೆದು, "ಹಗಲಲ್ಲಿ ಆ ಓಣಿ ದಾಟಿದವನು ವಾಪಸ್ ಬರಲ್ಲ. ಯಾರನ್ನೂ ಕಳಿಸಲ್ಲ," ಎಂದರು. ಆ ಮಾತು ಕೇಳಿದ ಕೂಡಲೇ ತಂತಿಯ ಎದೆ ಹಗುರಾಯಿತು. ತನ್ನನ್ನು ಕಳಿಸುವುದಿಲ್ಲ! ಮರುಕ್ಷಣವೇ ಆ ಹಗುರವನ್ನು ಕಂಡು ಅವನಿಗೆ ಹೇಸಿಗೆಯಾಯಿತು.

"ಬರ್ತಾರೆ, ಸ್ವಲ್ಪ ತಡಿ," ಎಂದು ಫೋನಿನಲ್ಲಿ ಹೇಳಿದ.

"ಸರಿ, ನೀನು ಲೈನಲ್ಲೇ ಇರು ಹಾಗಾದ್ರೆ," ಎಂದ ಗೊರಕೆ. ಆಮೇಲೆ ಮಾತು ತೊದಲಿತು, ನಿಂತಿತು. ಉಸಿರು ಮಾತ್ರ ಕೇಳಿಸುತ್ತಿತ್ತು. ತಂತಿ ರಿಸೀವರನ್ನು ಕಿವಿಗೆ ಒತ್ತಿಕೊಂಡು ಅದನ್ನೇ ಕೇಳುತ್ತ ಕುಳಿತ.

ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಬೇರೊಂದು ದನಿ ಬಂತು.

"ಹಲೋ... ಯಾರಾದ್ರೂ ಇದೀರಾ?"

ಗಡಿಯ ಆಚೆಗೂ ಇದೇ ಭಾಷೆ. ಆದರೆ ಆ ಹುಡುಗ ಪ್ರತಿ ಮಾತಿನ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದ. ಶತ್ರುವಿನ ದನಿಯನ್ನು ಅವನು ಅದೇ ಮೊದಲು ಕೇಳುತ್ತಿದ್ದದ್ದು.

"ಇದೀನಿ," ಎಂದ.

"ನಿಮ್ಮವನು ನೀರು ಕೇಳ್ತಿದಾನೆ. ಹೊಟ್ಟೆಗೆ ಏಟು ಬಿದ್ದಿದೆ. ಕೊಡಬಹುದಾ?"

ತಂತಿಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ನೆನಪಾಯಿತು. "ಕುಡಿಸಬೇಡ. ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತು, ಸಾಕು."

"ಹಾಂ. ತಡಿ." ಏನೋ ಹರಿದ ಸದ್ದು. ಸ್ವಲ್ಪ ಹೊತ್ತಾದ ಮೇಲೆ, "ಚೀಪ್ತಿದಾನೆ," ಎಂದ. ಆಮೇಲೆ ದನಿ ತಗ್ಗಿಸಿ, "ನಮ್ಮವರು ಹಿಂದಕ್ಕೆ ಹೋದ್ರು ಅನ್ಸುತ್ತೆ. ನಂಗೆ ಗೊತ್ತೇ ಆಗ್ಲಿಲ್ಲ. ನಾನು ಬೀರು ಹಿಂದೆ ಕೂತಿದ್ದೆ," ಎಂದ.

ತಂತಿ ತಲೆಯೆತ್ತಿದಾಗ ಕ್ಯಾಪ್ಟನ್ನರು ಪಕ್ಕದಲ್ಲೇ ನಿಂತಿದ್ದರು. ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, "ಮಾತಾಡ್ಸ್ತಾ ಇರು. ಅಲ್ಲಿಂದ ಕದಲಬಾರದು ಅವನು," ಎಂದರು.

"ಸಾರ್, ಗೊರಕೆ ಇನ್ನೂ ಜೀವಂತ ಇದಾನೆ."

"ಸಂಜೆ ಒಳಗೆ ನಮ್ಮ ಹುಡುಗರೆಲ್ಲ ಆ ಓಣಿ ದಾಟಬೇಕು ಕಣೋ. ಆ ಕಿಟಕಿಯಲ್ಲಿ ಅವರು ಒಂದು ಮೆಷಿನ್‌ಗನ್ ಇಟ್ಟರೆ ಒಬ್ಬನೂ ಉಳಿಯಲ್ಲ. ಇವನು ಒಬ್ಬನೇ ಇದಾನೆ ಅಂತ ನಂಬೋದಾ?" ಅವರ ಮುಖವೂ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಹೊಟ್ಟೆಗೆ ಬಿದ್ದವನು ಹೇಗಿದ್ರೂ..." ಎಂದು ಮಾತು ಮುಗಿಸದೆ ಮೂಲೆಗೆ ಹೋಗಿ, ಇನ್ನೊಂದು ಫೋನಿನಲ್ಲಿ ಷೆಲ್ ಹಾರಿಸುವ ಮಾರ್ಟರಿನವರಿಗೆ ಆ ಮನೆಯ ಗುರುತು ಹೇಳತೊಡಗಿದರು.

ತಂತಿ ಮಾತಾಡಿಸಿದ. ಏನು ಕೇಳಬೇಕೋ ತೋಚದೆ, ಮೊದಲು ಏನು ಕೆಲಸ ಮಾಡ್ತಿದ್ದೆ ಎಂದು ಕೇಳಿದ.

"ಬಸ್ಸಿಗೆ ಬಣ್ಣ ಬಳೀತಿದ್ದೆ, ಡಿಪೋದಲ್ಲಿ. ಅಕ್ಷರ ಬರೆಯೋದು ನಾನೇ."

"ನಿಮ್ಮ ಕಡೆ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಾ?"

"ಬಂದ್ರೆ ತಾನೇ ಬಣ್ಣ ಬಳಿಯೋದು," ಎಂದು ಅವನು ನಕ್ಕ. ತಂತಿಗೂ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಕ್ಯಾಪ್ಟನ್ನರು ಮೂಲೆಯಿಂದ ಅವನತ್ತ ನೋಡಿದರು.

ಮೊದಲನೆಯ ಷೆಲ್ ದೂರದಲ್ಲಿ ಬಿತ್ತು. ಸದ್ದು ಎರಡು ಸಲ ಕೇಳಿಸಿತು. ಮೊದಲು ರಿಸೀವರಿನೊಳಗಿಂದ, ಆಮೇಲೆ ಗೋಡೆಯಾಚೆಯಿಂದ.

"ಇದು ನಿಮ್ಮದಾ, ನಮ್ಮದಾ?" ಎಂದು ಹುಡುಗ ಕೇಳಿದ.

"ಗೊತ್ತಿಲ್ಲ," ಎಂದ ತಂತಿ.

ಎರಡನೆಯದು ಹತ್ತಿರ ಬಿತ್ತು. ಗಾಜು ಒಡೆದು ಸುರಿದದ್ದು ಕೇಳಿಸಿತು. ತಂತಿ ಬಟ್ಟೆಗಳ ಕಡೆಗೆ ಮುಖ ತಿರುಗಿಸಿಕೊಂಡು, ತುಟಿಯನ್ನು ರಿಸೀವರಿಗೆ ಹಚ್ಚಿ ಪಿಸುಗುಟ್ಟಿದ. "ಕೆಳಗಿಳಿ. ಮಹಡಿ ಮೆಟ್ಟಿಲ ಕೆಳಗೆ ಹೋಗು. ಬೇಗ."

"ಇವನನ್ನ ಬಿಟ್ಟು ಹೇಗೆ ಹೋಗ್ಲಿ?" ಎಂದ ಹುಡುಗ. "ತಡಿ, ಎಳ್ಕೊಂಡು ಹೋಗ್ತೀನಿ. ನೀನು ಮಾತ್ರ ಫೋನ್ ಇಡಬೇಡ."

ರಿಸೀವರು ಎಲ್ಲೋ ಗಟ್ಟಿ ನೆಲಕ್ಕೆ ಬಡಿದ ಸದ್ದು. ಭಾರದ ಮೈಯೊಂದನ್ನು ಎಳೆದುಕೊಂಡು ಹೋದದ್ದು, ಗೊರಕೆ ನರಳಿದ್ದು, ಮೆಟ್ಟಿಲ ಮೇಲೆ ಧಡಧಡ. ಆಮೇಲೆ ಏನೂ ಇಲ್ಲ. ಈಗ ಫೋನ್ ಇಟ್ಟುಬಿಡಬಹುದಿತ್ತು. ತಂತಿ ಇಡಲಿಲ್ಲ. ಇನ್ನೊಂದು ಷೆಲ್ ಬಿತ್ತು. ನೆಲಮಾಳಿಗೆಯ ಬಟ್ಟೆಗಳೆಲ್ಲ ಜೋರಾಗಿ ತೂಗಾಡಿದವು. ಅವನು ಕಣ್ಣು ಮುಚ್ಚಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅಷ್ಟರಲ್ಲಿ ಏದುಸಿರಿನ ದನಿ ಬಂತು. "ಇಳಿಸಿದೆ ಕಣೋ. ಮೆಟ್ಟಿಲ ಕೆಳಗೆ ಮಲಗಿಸಿದೀನಿ, ಪರವಾಗಿಲ್ಲ. ನೀನು ಇದೀಯಲ್ಲ? ಹೇಳಿಬಿಡೋಣ ಅಂತ ಬಂ—"

ಅಲ್ಲಿಗೆ ಲೈನು ಹೋಯಿತು.

ಸಂಜೆ ತುಕಡಿ ಓಣಿ ದಾಟಿತು. ಹೊಸ ಲೈನು ಎಳೆಯಲು ತಂತಿಯೂ ಹೋಗಲೇಬೇಕಾಯಿತು. ಓಣಿ ಅಗಲವೇನಿರಲಿಲ್ಲ, ಎರಡು ಕೈಗಾಡಿ ಪಕ್ಕಪಕ್ಕ ಹೋಗುವಷ್ಟು. ಅದನ್ನು ದಾಟುವಾಗ ಅವನಿಗೆ ಕಿವಿ ಕೇಳಿಸಲಿಲ್ಲ. ಪ್ಯಾಂಟು ಒದ್ದೆಯಾದದ್ದು ಆಚೆ ಬದಿ ಸೇರಿದ ಮೇಲೆ ತಿಳಿಯಿತು. ಯಾರೂ ನಗಲಿಲ್ಲ, ಇನ್ನಿಬ್ಬರದೂ ಒದ್ದೆಯಾಗಿತ್ತು.

ಮೆಟ್ಟಿಲ ಕೆಳಗೆ ಗೊರಕೆ ಸಿಕ್ಕಿದ. ಮೈಮೇಲೆ ಗಾರೆಯ ಪುಡಿ, ಬಾಯಲ್ಲಿ ಬಟ್ಟೆಯ ಚೂರು. ಉಸಿರಿತ್ತು. ಅವನನ್ನು ಸ್ಟ್ರೆಚರಿನಲ್ಲಿ ಸಾಗಿಸಿದ ಮೇಲೆ ತಂತಿ ಮಹಡಿ ಹತ್ತಿದ. ಛಾವಣಿ ಅರ್ಧ ಇರಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿ ಪಕ್ಕಕ್ಕೆ ಉರುಳಿತ್ತು. ಅದರ ಹಿಂದೆ ಆ ಹುಡುಗ ಬೋರಲಾಗಿ ಬಿದ್ದಿದ್ದ, ರಿಸೀವರಿನ ಬಳ್ಳಿ ಮುಂಗೈಗೆ ಸುತ್ತಿಕೊಂಡಿತ್ತು. ತಂತಿ ಅವನನ್ನು ಹೊರಳಿಸಿದ. ಮುಖದ ತುಂಬ ಬಿಳಿ ಧೂಳು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಕ್ಯಾಪ್ಟನ್ನರು ಹಿಂದಿನಿಂದ ಬಂದು ನೋಡಿದರು. ಕೋಣೆಯಲ್ಲಿ ಮೆಷಿನ್‌ಗನ್ ಇರಲಿಲ್ಲ. ಅವರು ತಂತಿಯ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದು ಕೆಳಗಿಳಿದು ಹೋದರು.

ಯುದ್ಧ ನಿಂತಿತು. ತಂತಿ ಮನೆಗೆ ಬಂದು ಮಾವನ ಅಂಗಡಿಯಲ್ಲೇ ಕುಳಿತ. ಕೈಕಾಲು ನೆಟ್ಟಗಿದ್ದವು, ಊಟ ಸೇರುತ್ತಿತ್ತು. ಮಗ ಇದ್ದ ಹಾಗೇ ಬಂದ ಎಂದು ಅವನ ತಾಯಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಅಂಗಡಿಯ ಮುಂದೆ ಲಾರಿ ನಿಂತು, ಹಮಾಲಿಯೊಬ್ಬ ಮೂಟೆ ಕೆಳಗಿಟ್ಟು, "ಇಳಿಸಿದೆ ಕಣೋ!" ಎಂದು ಕೂಗಿದರೆ ತಂತಿಯ ಕೈಯ ಸ್ಕ್ರೂಡ್ರೈವರ್ ಜಾರಿ ಬೀಳುತ್ತಿತ್ತು. ಇಳಿಸಿದೆ ಅನ್ನುವ ಮಾತು ಇಲ್ಲದ ಜಾಗ ಎಲ್ಲಿದೆ? ಅಕ್ಕ ಒಲೆಯಿಂದ ಹಾಲಿನ ಪಾತ್ರೆ ತೆಗೆದರೂ ಅದೇ ಮಾತು. ಫೋನಿನಲ್ಲಿ ಮಾತು ಮುಗಿದರೂ ತಾನಾಗಿ ಇಡುತ್ತಿರಲಿಲ್ಲ, ಆ ಕಡೆಯವರು ಇಡುವವರೆಗೂ ಹಿಡಿದುಕೊಂಡೇ ಇರುತ್ತಿದ್ದ. "ಇವನಿಗೆ ಹುಡುಗಿ ಸಿಕ್ಕಿದ್ರೆ ಬಿಲ್ಲು ಕಟ್ಟೋಕೆ ಮನೆ ಮಾರಬೇಕು," ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ಎರಡನೆಯ ವರ್ಷ ಗೊರಕೆ ಹೆಂಡತಿಯ ಜೊತೆ ಬಂದ. ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ ಬಿದ್ದಿದ್ದರೂ ಆಳು ದುಂಡಗಾಗಿದ್ದ. ಬಂದವನೇ ತಂತಿಯ ತಾಯಿಯ ಕಾಲಿಗೆ ಬಿದ್ದ.

"ಅಮ್ಮಾ, ಇವನೇ ನನ್ನ ಕೆಳಗೆ ಎಳ್ಕೊಂಡು ಬಂದು ಉಳಿಸಿದ್ದು. ಕಣ್ಣು ಮಂಜಾಗಿತ್ತು, ಆದ್ರೂ ನಂಗೆ ನೆನಪಿದೆ. ತುಟಿಗೆ ನೀರು ಇಟ್ಟ. ‘ಪರವಾಗಿಲ್ಲ, ಪರವಾಗಿಲ್ಲ’ ಅಂತಿದ್ದ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂತಿಗೆ ಆಗಲೂ ಬಾಯಿಯಲ್ಲಿ ಹತ್ತಿ. ಹೆಂಗಸರು ಅಡುಗೆಮನೆಗೆ ಹೋದ ಮೇಲೆ ಅವನು ಬಾಗಿಲು ಮುಂದಕ್ಕೆಳೆದು ನಡೆದದ್ದನ್ನೆಲ್ಲ ಹೇಳಿದ. ಗೊರಕೆ ಅಲುಗಾಡದೆ ಕೇಳಿದ.

"ಅವನು ವಾಪಸ್ ಯಾಕೆ ಹತ್ತಿದ?"

"ನಂಗೆ ಹೇಳೋಕೆ. ನಾನು ಕಾಯ್ತಿದೀನಿ ಅಂತ."

"‘ಇಡಬೇಡ’ ಅಂದಾಗ್ಲೇ ನೀನು ಇಟ್ಬಿಡಬೇಕಿತ್ತು."

"ಹೂಂ."

"ಯಾಕೆ ಇಡ್ಲಿಲ್ಲ?"

ಈ ಪ್ರಶ್ನೆಯನ್ನು ತಂತಿ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದ, ಉತ್ತರವೂ ಗೊತ್ತಿತ್ತು. "ಭಯ ಆಗಿತ್ತು ಕಣೋ. ಅವನ ದನಿ ಇದ್ದಷ್ಟು ಹೊತ್ತು ಕಮ್ಮಿ ಭಯ ಆಗ್ತಿತ್ತು."

ಗೊರಕೆ ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತ. ಊಟಕ್ಕೆ ಕರೆದಾಗ ಬಂದು ಕುಳಿತು, ತಟ್ಟೆಯಲ್ಲಿ ಬೆರಳಾಡಿಸಿ ಎದ್ದ. ಬಸ್ಸು ಹತ್ತುವಾಗ ತಂತಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟ. ಮುಖ ನೋಡಲಿಲ್ಲ.

ಹೇಳಿದ್ದರಿಂದ ತನಗೆ ಹಗುರಾಗುತ್ತದೆಂದು ತಂತಿ ಎಣಿಸಿದ್ದ. ತಿಂಗಳೊಳಗೆ ಗೊರಕೆಯ ಹೆಂಡತಿ ಫೋನ್ ಮಾಡಿದಳು. "ಅಣ್ಣಾ, ನಿಮ್ಮನೆಗೆ ಬಂದು ಹೋದಾಗಿಂದ ಇವರು ಮಲಗ್ತಾನೇ ಇಲ್ಲ. ಮಲಗಿದ್ರೆ ಊರೇ ಎದ್ದೇಳೋ ಹಾಗೆ ಸದ್ದು ಮಾಡ್ತಿದ್ದವರು, ಈಗ ಗೋಡೆಗೆ ಒರಗಿ ಕೂತಿರ್ತಾರೆ. ಏನಾಯ್ತು ಅಣ್ಣಾ?"

ತಂತಿ, "ಕಳಿಸಮ್ಮ, ಮಾತಾಡ್ತೀನಿ," ಎಂದ.

ಮರುದಿನ ಗೊರಕೆ ಒಬ್ಬನೇ ಬಂದ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತ. ಕಣ್ಣು ಒಳಗೆ ಸರಿದಿತ್ತು.

"ನನ್ನ ಪ್ರಾಣ ಉಳಿಸಿದವನ ಮುಖ ನಂಗೆ ಗೊತ್ತಿಲ್ಲ," ಎಂದ. "ಹೆಸರು?"

"ನಾನು ಕೇಳ್ಲೇ ಇಲ್ಲ. ಸುಮ್ನೆ ಹೊತ್ತು ಕಳೆಯೋಕೆ ಅದು ಇದು ಕೇಳಿದೆ. ಹೆಸರು ಕೇಳ್ಲಿಲ್ಲ."

"ಹೇಗೆ ಮಾತಾಡ್ತಿದ್ದ? ಅದಾದ್ರೂ ಹೇಳು."

"ಕೊನೇಲಿ ಸ್ವಲ್ಪ ಎಳೀತಿದ್ದ."

"ಹಾಗಲ್ಲ. ಅವನ ಹಾಗೇ ಹೇಳು."

ತಂತಿ ಅವನ ಮಾತನ್ನು ಅವನ ಹಾಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಾಲಿಗೆಯಿಂದ ತುಟಿ ಸವರಿಕೊಂಡು, ತಲೆ ಬಗ್ಗಿಸಿ, ಮೆಲ್ಲಗೆ ಶುರುಮಾಡಿದ. ಮೊದಲನೆಯ ಮಾತು ಅವನದೇ ದನಿಯಲ್ಲಿ ಬಂತು. ಎರಡನೆಯದರ ಕೊನೆ ಆ ಹುಡುಗನ ಹಾಗೇ ಎಳೆಯಿತು, ಅಷ್ಟರಲ್ಲಿ ಗೊರಕೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಒಳಗೆ ಬೆಸುಗೆ ಹಾಕುತ್ತಿದ್ದ ಸೋದರಮಾವ ಕೆಲಸ ನಿಲ್ಲಿಸಿ ಕತ್ತು ಹೊರಗೆ ಚಾಚಿದ.

"ಯಾರೋ ಅದು ಬಂದಿರೋದು?" ಎಂದು ಕೇಳಿದ.