ಕಾಳುಮೆಣಸಿನ ನಡುವೆ ಗಗನಾಳ ಹಲ್ಲು

ನೆನಪು ಮಾಸಿದೆ ಅಂತ ಹೇಳಿದವರು ಯಾರು? ಮೊನ್ನೆ ಫೋನಿನ ಗ್ರೂಪಿನಲ್ಲಿ ಒಬ್ಬರು, ಈ ಅಜ್ಜನ ಕಥೆಯಲ್ಲಿ ಬಸ್ಸಿನ ಬಣ್ಣ ಸಲಕ್ಕೊಂದು ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದೀರಿ. ಬಸ್ಸಿಗೆ ಬಣ್ಣ ಬದಲಾಯಿಸಿದ್ದು ಅದರ ಮಾಲೀಕ, ನಾನಲ್ಲ. ಆಗ ನೀಲಿ ಇತ್ತು, ಈಗ ಹಸಿರು. ತಿಂಗಳು ಫೆಬ್ರವರಿ, ವಾರ ಶನಿವಾರ, ಹೊತ್ತು ಹನ್ನೆರಡೂವರೆ. ಇನ್ನೆಂತ ಬೇಕು? ನಿಮ್ಮಲ್ಲಿ ಅರ್ಧ ಜನಕ್ಕೆ ನಿನ್ನೆ ಮನೆಯಲ್ಲಿ ಏನು ಸಾರು ಮಾಡಿದ್ದರು ಅನ್ನುವುದು ನೆನಪಿರುವುದಿಲ್ಲ, ನನ್ನನ್ನು ಅಳೆಯಲು ಬರುತ್ತೀರಿ. ಬಾಯಿ ಮುಚ್ಚಿಕೊಂಡು ಕೇಳಿ.

ಹರಿಹರಪುರದ ಈಚೆ, ಕೊಪ್ಪದ ರಸ್ತೆಯ ಬದಿಯಲ್ಲೇ ವನಜಮ್ಮನ ಮನೆ. ವಯಸ್ಸು ಅರವತ್ತೇಳು. ಆ ಕೇರಿಯಲ್ಲಿ ಯಾರಿಗೆ ಹಲ್ಲುನೋವು ಬಂದರೂ ಮೊದಲು ಬರುತ್ತಿದ್ದುದು ವನಜಮ್ಮನ ಜಗಲಿಗೆ. ಲವಂಗ ಕಚ್ಚಿಸುವುದು, ಪೇರಲೆ ಚಿಗುರು ಅಗಿಸುವುದು, ಉಪ್ಪುನೀರು ಮುಕ್ಕಳಿಸಲು ಹೇಳುವುದು, ಇದೆಲ್ಲ ಅವರ ಕೈಯದು. ನೋವು ಕಡಿಮೆಯಾದರೆ ತನ್ನ ಮದ್ದಿನ ಗುಣ, ಆಗದಿದ್ದರೆ ಬಂದವರು ತಾನು ಹೇಳಿದಷ್ಟು ದಿನ ಮಾಡಲಿಲ್ಲ ಅನ್ನುವುದು ಅವರ ಲೆಕ್ಕ. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರೇ ಇಲ್ಲ.

ಆ ಶನಿವಾರ ಶಾಲೆ ಅರ್ಧ ದಿನ. ಮೊಮ್ಮಗಳು ಗಗನಾ, ಹತ್ತು ತುಂಬಿದ ಹುಡುಗಿ, ಗೇಟಿನ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದಳು. ಅಂಗಳಕ್ಕೆ ಬಂದವಳು ಮುಂದಿನ ಬ್ರೇಕನ್ನೇ ಹಿಡಿದಳು. ಸೈಕಲ್ ನಿಂತಿತು, ಹುಡುಗಿ ನಿಲ್ಲಲಿಲ್ಲ. ಹ್ಯಾಂಡಲಿಗೆ ಬಾಯಿ ಬಡಿದು ಮೇಲಿನ ಸಾಲಿನ ಮುಂದಿನ ಹಲ್ಲು ಬುಡಸಮೇತ ಕಿತ್ತು ಅಂಗಳದಲ್ಲಿ ಬಿತ್ತು.

ಬಾಯಿ ತುಂಬ ರಕ್ತ. ತಾಯಿ ನಯನ ಒಳಗಿಂದ ಓಡಿ ಬಂದಳು. ಅವಳು ಕೂಗಾಡುವ ಪೈಕಿಯಲ್ಲ. ತೊಳೆದ ಟವೆಲ್ಲನ್ನು ಮಡಿಸಿ ಮಗಳಿಗೆ ಕಚ್ಚಿಸಿದಳು, ಸ್ಕೂಟರ್ ತೆಗೆದಳು.

"ಲವಂಗ ಇಟ್ಟು ಕೂರ್ಸು ಮಾರಾಯ್ತಿ. ಹಲ್ಲು ಬಿದ್ದಿದ್ದಕ್ಕೆ ಕೊಪ್ಪಕ್ಕೆ ಹೋಗೋರು ಯಾರು?" ಎಂದರು ವನಜಮ್ಮ.

"ಅತ್ತೆ, ರಕ್ತ ನೋಡಿ. ನಾ ಹೋಗಿ ಬತ್ತೆ," ಎಂದು ನಯನ ಮಗಳನ್ನು ಮುಂದೆ ಕೂರಿಸಿಕೊಂಡು ಹೊರಟೇಬಿಟ್ಟಳು.

ಅಂಗಳದಲ್ಲಿ ಉಳಿದದ್ದು ವನಜಮ್ಮ ಮತ್ತು ಹಲ್ಲು.

ಈಗ ಕೇಳಿ, ಇಲ್ಲೇ ಎಡವಟ್ಟಾಗಿದ್ದು. ನಮ್ಮ ಕಡೆ ಮಗುವಿನ ಹಲ್ಲು ಬಿದ್ದರೆ ಏನು ಮಾಡುತ್ತೇವೆ? ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯುತ್ತೇವೆ. ಆಮೇಲೆ ಹೊಸ ಹಲ್ಲು ನೆಟ್ಟಗೆ ಬರುತ್ತದೆ ಅಂತ. ವನಜಮ್ಮ ಮಗನ ಹಲ್ಲುಗಳನ್ನೆಲ್ಲ ಹಾಗೇ ಎಸೆದವರು, ಗಗನಾಳದ್ದು ಏಳೆಂಟು ಆಗಲೇ ಮೇಲೆ ಹೋಗಿದ್ದವು. ಹಂಚು ಹೋಗಿ ತಾರಸಿ ಬಂದರೂ ಕ್ರಮ ತಪ್ಪಿರಲಿಲ್ಲ. ಆದರೆ ಎಮ್ಮೆ ಕೊಟ್ಟು ಎರಡು ವರ್ಷವಾಗಿತ್ತು. ಕೊಟ್ಟಿಗೆಯಲ್ಲಿ ಸ್ಕೂಟರ್ ನಿಲ್ಲುತ್ತಿತ್ತು, ಸಗಣಿ ಎಲ್ಲಿಂದ ಬರಬೇಕು? ಅದೊಂದು ಪುಣ್ಯ. ವನಜಮ್ಮ ಬರೀ ಹಲ್ಲನ್ನೇ ಎತ್ತಿ, ಸೆರಗು ಸಿಕ್ಕಿಸಿಕೊಂಡು, ತಾರಸಿಗೆ ಎಸೆದು ಕೈ ಕೊಡವಿಕೊಂಡರು. ಮಾಡಬೇಕಾದ್ದು ಮಾಡಿದೆ ಎಂದುಕೊಂಡು ಒಳಗೆ ಹೋಗಿ ಒಲೆಯ ಮೇಲಿನ ಅನ್ನ ನೋಡಿದರು.

ಇಪ್ಪತ್ತು ನಿಮಿಷ ಆಗಿತ್ತೋ ಇಲ್ಲವೋ, ಫೋನ್ ಬಂತು.

"ಅತ್ತೆ, ಹಲ್ಲು ಎಲ್ಲಿ? ಅಂಗಳದಲ್ಲೇ ಉಂಟಾ ನೋಡಿ."

"ಹಲ್ಲು ಎಂತಕ್ಕೆ ಈಗ?"

ಆಚೆಯಿಂದ ಬೇರೆ ದನಿ ಬಂತು. ಕೊಪ್ಪದ ಹಲ್ಲಿನ ಡಾಕ್ಟರು ಸರ್ವಮಂಗಳಾ. ಮಧ್ಯಾಹ್ನದ ಊಟಕ್ಕೆ ಎದ್ದವರು ಹುಡುಗಿಯನ್ನು ನೋಡಿ ಮತ್ತೆ ಕೋಟು ಹಾಕಿಕೊಂಡಿದ್ದರು.

"ಅಮ್ಮ, ಇದು ಹಾಲುಹಲ್ಲಲ್ಲ. ಹಾಲುಹಲ್ಲಾದ್ರೆ ನಾನೂ ಕೇಳ್ತಿರ್ಲಿಲ್ಲ. ಇದು ಹೋದ್ರೆ ಮತ್ತೊಂದು ಹುಟ್ಟಲ್ಲ. ಬಿದ್ದ ಒಂದು ಗಂಟೆ ಒಳಗೆ ತಂದ್ರೆ ಅದೇ ಜಾಗಕ್ಕೆ ಕೂರಿಸಿ ನೋಡಬಹುದು. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು."

"ಮತ್ತೊಂದು ಹುಟ್ಟಲ್ವಾ?"

"ಇಲ್ಲಮ್ಮ."

ವನಜಮ್ಮ ಗೋಡೆಯ ಗಡಿಯಾರ ನೋಡಿದರು. ಒಂದಕ್ಕೆ ಎಂಟು ನಿಮಿಷ. ಸಿಗಲಿಲ್ಲ ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೋಳಿ ಹೆಕ್ಕಿತು, ಕಾಗೆ ಒಯ್ದಿತು, ಏನು ಬೇಕಾದರೂ ಹೇಳಬಹುದು. ಆದರೆ ಹುಡುಗಿ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಅವರ ಕಣ್ಣಿಗೆ ಬಂತು. ಮದುವೆಯ ದಿನವೂ ಕೈ ಅಡ್ಡ ಹಿಡಿದೇ ನಿಂತಂತೆ ಬಂತು.

"ನಾನೇ ಮಾಡಿಗೆ ಎಸ್ದೆ," ಎಂದರು. "ತಪ್ಪಾಯ್ತು. ಈಗ ಎಂತ ಮಾಡ್ಲಿ, ಅದು ಹೇಳಿ."

"ಹುಡುಕಿ. ಸಿಕ್ಕಿದ್ರೆ ಬಿಳೀ ಭಾಗ ಮಾತ್ರ ಹಿಡೀರಿ, ಬೇರು ಮುಟ್ಟಬೇಡಿ. ಮಣ್ಣಿದ್ರೆ ತಣ್ಣೀರಲ್ಲಿ ಒಂದ್ಸಲ ಅಲ್ಲಾಡಿಸಿ, ಅಷ್ಟೆ. ತಿಕ್ಕಬೇಡಿ. ಉಪ್ಪು ಬೇಡ, ಅರಿಶಿನ ಬೇಡ, ಬೂದಿ ಬೇಡ."

"ಬೂದಿ ನಾ ಎಂತಕ್ಕೆ ಹಚ್ಲಿ?" ಎಂದರು ವನಜಮ್ಮ. ಕೈ ಮಾತ್ರ ಆಗಲೇ ಅರಿಶಿನದ ಡಬ್ಬಿಯ ಮೇಲಿತ್ತು. ಹಿಂದಕ್ಕೆ ಎಳೆದುಕೊಂಡರು.

"ತಣ್ಣಗಿನ ಹಾಲಲ್ಲಿ ಮುಳುಗಿಸಿ ತನ್ನಿ," ಎಂದು ಡಾಕ್ಟರು ಫೋನ್ ಇಟ್ಟರು.

ತಾರಸಿ ಖಾಲಿ ಇದ್ದಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ. ಫೆಬ್ರವರಿ ಅಂದೆನಲ್ಲ, ಮೆಣಸು ಕೊಯ್ದು ಬಿಡಿಸಿ ಒಣಗಿಸುವ ಕಾಲ. ತಾರಸಿಯ ಮೇಲೆ ಟಾರ್ಪಾಲು ಹಾಸಿ ಮೂರು ಕ್ವಿಂಟಾಲ್ ಕಾಳುಮೆಣಸು ಹರವಿತ್ತು. ಮೆಣಸು ಕೊಯ್ಯುವ ಚೋಮ, ಆ ಮನೆಗೆ ಮೂವತ್ತು ವರ್ಷದಿಂದ ಬರುತ್ತಿದ್ದವನು, ಬರಿಗಾಲಲ್ಲಿ ಸಾಲು ಸಾಲಾಗಿ ನಡೆದು ಮೆಣಸನ್ನು ಮಗುಚುತ್ತಿದ್ದ. ಹಾಗೆ ಕಾಲಲ್ಲಿ ಮಗುಚಿದರೆ ಅಡಿಯದು ಮೇಲೆ ಬರುತ್ತದೆ, ಮೇಲಿನದು ಅಡಿಗೆ ಹೋಗುತ್ತದೆ. ಹಲ್ಲು ಯಾವ ಸಾಲಿನ ಅಡಿಗೆ ಹೋಗಿತ್ತೋ ದೇವರಿಗೇ ಗೊತ್ತು.

ವನಜಮ್ಮ ಮೆಟ್ಟಿಲು ಹತ್ತಿ ಬಂದರು, ಉಸಿರು ಮೇಲೆ ಕೆಳಗೆ.

"ಚೋಮ, ನಿಲ್ಲು. ಕಾಲು ಎತ್ತಬೇಡ."

"ಎಂತ ಅಮ್ಮ, ಹಾವಾ?"

"ಹಾವಲ್ಲ ಮಾರಾಯ, ಹಲ್ಲು. ಗಗನಂದು. ನಾ ಕೆಳಗಿಂದ ಎಸ್ದಿದ್ದೆ."

"ಅದಾ. ಆಗ ಟಪ್ ಅಂತ ಬಿತ್ತು. ಯಾವ್ದೋ ಹಕ್ಕಿ ಅಡಿಕೆ ಬೀಳ್ಸಿತು ಅಂದ್ಕಂಡೆ."

"ಎಲ್ಲಿ ಬಿತ್ತು?"

"ಬೆನ್ನ ಹಿಂದೆ ಬಿದ್ದಿದ್ದು ನಂಗೆ ಹೆಂಗೆ ಕಾಣ್ತದೆ? ನಂಗೆ ಅಲ್ಲಿ ಕಣ್ಣಿಲ್ಲ."

ವನಜಮ್ಮ ಮಂಡಿಯೂರಿ ಎರಡೂ ಕೈಯಲ್ಲಿ ಬಗೆಯಲು ಹೊರಟರು. ಚೋಮ ತಡೆದ. "ಕೈ ಹಾಕಿದ್ರೆ ಸಂಜೆ ಆಗ್ತದೆ. ನೀವು ಸುಮ್ನೆ ನಿಲ್ಲಿ. ಶಬ್ದ ಆದಾಗ ನಾ ನಾಲ್ಕನೇ ಸಾಲಲ್ಲಿದ್ದೆ. ಮೂರು, ಎರಡು, ಅದ್ರೊಳಗೇ ಇರ್ಬೇಕು."

ಆಮೇಲೆ ಅವನು ಮಾಡಿದ ಕೆಲಸವನ್ನು ನೀವು ಯಾವ ಮೆಷಿನ್ನಿನಲ್ಲೂ ಮಾಡಲಾರಿರಿ. ಕಾಲಿನ ಭಾರ ಬಿಡದೆ, ಬೆರಳ ತುದಿಯನ್ನಷ್ಟೇ ಮೆಣಸಿನೊಳಗೆ ತೇಲಿಸುತ್ತ ಹಿಂದೆ ಹಿಂದೆ ನಡೆದ. ಕಲ್ಲು, ಕಡ್ಡಿ, ಕಾಳು, ಎಲ್ಲ ಅವನ ಪಾದಕ್ಕೆ ಬೇರೆ ಬೇರೆ. ಮೂರನೇ ಸಾಲಿನ ಕೊನೆಯಲ್ಲಿ ನಿಂತ. ಬಗ್ಗಿ ಕಾಳು ಸರಿಸಿದ. ಕಪ್ಪಿನ ನಡುವೆ ಬಿಳಿ.

"ಬೇರು ಮುಟ್ಟಬೇಡ," ಎಂದರು ವನಜಮ್ಮ.

"ಹೂಂ, ಗೊತ್ತಾಯ್ತು. ಗಿಡಕ್ಕಾದ್ರೂ ಹಂಗೇ ಅಲ್ವಾ?" ಎಂದು ಅವನು ಎರಡೇ ಬೆರಳಲ್ಲಿ ಬಿಳಿಯ ಕಡೆ ಹಿಡಿದು ಎತ್ತಿಕೊಟ್ಟ.

ಗಡಿಯಾರದಲ್ಲಿ ಆಗಲೇ ಒಂದು ಹೊಡೆದಿತ್ತು. ತಂಬಿಗೆಯ ನೀರಲ್ಲಿ ಒಮ್ಮೆ ಅಲ್ಲಾಡಿಸಿದರು, ತಿಕ್ಕಲಿಲ್ಲ. ಹಾಲು ನೋಡಿದರೆ ಬೆಳಿಗ್ಗೆಯ ಪ್ಯಾಕೆಟ್ಟು ಪೂರ್ತಿ ಹೆಪ್ಪಿಗೆ ಹೋಗಿತ್ತು. ಸಗಣಿ ಇಲ್ಲದ ಮನೆಯಲ್ಲಿ ಹಾಲೂ ಇಲ್ಲ, ಸರಿಯಾಯಿತಲ್ಲ. ಸ್ಟೀಲಿನ ಚಿಕ್ಕ ಡಬ್ಬಿಯೊಳಗೆ ಹಲ್ಲಿಟ್ಟು, ಮನೆಯ ಎದುರಿನ ಬೀಬಿ ಜಾನ್ ಅಂಗಡಿಗೆ ರಸ್ತೆ ದಾಟಿದರು.

"ಹಾಲು ಕೊಡು ಬೀಬಿ. ತಣ್ಣಗಿದ್ದಿದ್ದು. ಕತ್ತರಿಸಿ ಇದಕ್ಕೇ ಹೊಯ್ಯಿ."

ಬೀಬಿ ಜಾನ್ ಫ್ರಿಜ್ಜಿನಿಂದ ಪ್ಯಾಕೆಟ್ ತೆಗೆದು ಡಬ್ಬಿಯೊಳಗೆ ಇಣುಕಿದರು. "ಯಾ ಅಲ್ಲಾ, ಇದೆಂತ ವನಜಕ್ಕ, ಹಲ್ಲಿಗೆ ಅಭಿಷೇಕ?"

"ಗಗನಂದು. ಕೊಪ್ಪಕ್ಕೆ ಮುಟ್ಟಿಸಬೇಕು, ಅರ್ಧ ಗಂಟೆಯೊಳಗೆ."

ಬೀಬಿ ಜಾನ್ ಹಲ್ಲು ಮುಳುಗುವಷ್ಟು ಹಾಲು ಹೊಯ್ದು, ಮುಚ್ಚಳ ಒತ್ತಿ, ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತರು. ಶೃಂಗೇರಿಯಿಂದ ಬರುವ ಬಸ್ಸು ತಿರುವಿನಲ್ಲಿ ಕಾಣಿಸಿತ್ತು. ನೀಲಿ ಬಸ್ಸು, ಗೊತ್ತಾಯಿತಲ್ಲ.

ಆ ಬಸ್ಸಿನ ಡ್ರೈವರ್ ಕಮಾಲುದ್ದೀನ್. ಆ ದಾರಿಯಲ್ಲಿ ಇಪ್ಪತ್ತಾರು ವರ್ಷ. ಯಾರು ಕೈ ಎತ್ತಿದರೂ ನಿಲ್ಲಿಸುವವನು. ಮೆಣಸೆ ಊರಲ್ಲಿ ಹತ್ತಿದವರ ಮಾತ್ರೆ ಚೀಟಿ, ಅಡ್ಡಗದ್ದೆಯವರ ಬುತ್ತಿ, ಯಾರದೋ ಮನೆಯ ಮಿಕ್ಸಿ ಜಾರು, ಎಲ್ಲ ಅವನ ಸೀಟಿನ ಪಕ್ಕ. ಒಂದೂ ಕಳೆದದ್ದಿಲ್ಲ. ಒಂದೂ ಬೇಗ ತಲುಪಿದ್ದೂ ಇಲ್ಲ. ಅವನ ಬಸ್ಸಿನಲ್ಲಿ ಹೊರಟವರು ಕೊಪ್ಪ ಮುಟ್ಟುವಷ್ಟರಲ್ಲಿ ಒಂದು ನಿದ್ದೆ ಮುಗಿಸಿ ಏಳುತ್ತಿದ್ದರು.

ವನಜಮ್ಮ ಹತ್ತಿ ಮುಂದಿನ ಸೀಟಿನಲ್ಲಿ ಕೂತರು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು.

"ಎಂತ ವನಜಮ್ಮ, ಪಾಯಸನಾ?" ಎಂದ ಕಮಾಲುದ್ದೀನ್.

"ಮೊಮ್ಮಗಳ ಹಲ್ಲು. ಒಂದೂವರೆಗೆ ಮುಂಚೆ ಡಾಕ್ಟ್ರ ಕೈಗೆ ಹೋಗಬೇಕು, ಇಲ್ಲದಿದ್ರೆ ಮತ್ತೆ ಬರಲ್ಲ ಅಂತೆ. ನಾನೇ ಹಾಳು ಮಾಡ್ದೆ ಕಮಾಲ್. ನೀನು ನಿನ್ನ ಹಾಗೇ ಬಿಟ್ರೆ ಮುಗೀತು."

ಕಮಾಲುದ್ದೀನ್ ಗಡಿಯಾರ ನೋಡಿದ. ಒಂದು ದಾಟಿ ಆರು ನಿಮಿಷ. ಕನ್ನಡಿಯಲ್ಲಿ ಕಂಡಕ್ಟರ್ ಗಜಾನನನನ್ನು ನೋಡಿದ. "ಕೇಳಪ್ಪ, ಮಧ್ಯ ಇಳಿಯೋರು ಯಾರಾದ್ರೂ ಉಂಟಾ?"

ಇಳಿಯುವವರು ಐದು ಜನ ಇದ್ದರು. ಒಬ್ಬರು ಗೊಣಗಿದರು. ಹಿಂದಿನ ಸೀಟಿನಿಂದ ಮಂಜಪ್ಪ ಎದ್ದು ನಿಂತ. ಬಾಯಲ್ಲಿ ಒಂದೂ ಹಲ್ಲಿಲ್ಲದ, ಕಟ್ಟಿಸಿದ ಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಮುದುಕ.

"ನಾನೂ ಮುಂದಿನ ಸ್ಟಾಪಿಗೆ ಇಳಿಯೋನೇ," ಎಂದ. "ಕೊಪ್ಪಕ್ಕೇ ಬತ್ತೆ. ನಡ್ಕಂಡು ವಾಪಸ್ ಬರಬಹುದು. ಹೋದ ಹಲ್ಲು ನಡ್ಕಂಡು ಬರ್ತದಾ? ಕೇಳೋದಾದ್ರೆ ನನ್ನ ಕೇಳಿ."

"ನಿಂಗೆ ಕೊಪ್ಪದಲ್ಲಿ ಹೋಟ್ಲಿಗೆ ಹೋಗೋ ಕೆಲಸ ಇರ್ಬೇಕು ಮಂಜಪ್ಪಣ್ಣ," ಎಂದ ಗಜಾನನ.

"ಇದ್ರೆ ಮೆತ್ತಗಿನ ಇಡ್ಲಿ. ನೀನು ಬಾಗಿಲಲ್ಲಿ ನಿಲ್ಲು."

ಗೊಣಗಿದವರೂ ಕೂತರು. ಬಸ್ಸು ಹೊರಟಿತು. ಇಪ್ಪತ್ತಾರು ವರ್ಷದಲ್ಲಿ ಆ ರಸ್ತೆ ಆ ಬಸ್ಸನ್ನು ಹಾಗೆ ನೋಡಿರಲಿಲ್ಲ. ಹುಚ್ಚು ವೇಗವೇನಲ್ಲ, ಕಮಾಲುದ್ದೀನ್ ಅಂಥವನಲ್ಲ. ನಿಲ್ಲಲಿಲ್ಲ, ಅಷ್ಟೇ. ಕೈ ಎತ್ತಿದವರಿಗೆಲ್ಲ ಗಜಾನನ ಬಾಗಿಲಲ್ಲಿ ನೇತಾಡಿಕೊಂಡು ಹೇಳಿದ: "ಹಿಂದಿನ ಬಸ್ಸಿಗೆ ಬನ್ನಿ, ಇದ್ರಲ್ಲಿ ಹಲ್ಲು ಹೋಗ್ತಾ ಉಂಟು." ಅವರಿಗೆ ಏನು ತಿಳಿಯಿತೋ. ಕೈ ಎತ್ತಿದವರು ಎತ್ತಿದ ಕೈಯಲ್ಲೇ ಉಳಿದರು.

ತಿರುವು ಬಂದಾಗಲೆಲ್ಲ ವನಜಮ್ಮ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದರು. ಮುಚ್ಚಳ ತೆಗೆದು ನೋಡಬೇಕು ಅನ್ನಿಸಿತು, ನೋಡಲಿಲ್ಲ.

ಬಸ್ಸು ನಿಲ್ದಾಣಕ್ಕೂ ಹೋಗಲಿಲ್ಲ. ಕಮಾಲುದ್ದೀನ್ ನೇರ ಡಾಕ್ಟರ ಬಾಗಿಲಿಗೆ ತಂದು ನಿಲ್ಲಿಸಿದ. ಒಂದು ಇಪ್ಪತ್ತಾರು. ಹಲ್ಲು ಬಿದ್ದು ಐವತ್ತಾರು ನಿಮಿಷ.

ಡಾಕ್ಟರು ಡಬ್ಬಿ ತೆಗೆದು ನೋಡಿದರು. ಹುಡುಗಿಯ ಒಸಡಿಗೆ ಆಗಲೇ ಮರಗಟ್ಟಿಸುವ ಇಂಜೆಕ್ಷನ್ ಆಗಿತ್ತು. ಹಲ್ಲು ತೊಳೆದು, ಅದರ ಗೂಡಿಗೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿ ಅಂಟಿಸಿದರು.

"ಗ್ಯಾರಂಟಿ ಹೇಳಲ್ಲ ಅಮ್ಮ," ಎಂದರು ಹೊರಗೆ ಬಂದು. "ಒಣಗಿದ್ದು ಸ್ವಲ್ಪ ಜಾಸ್ತಿ ಆಗಿದೆ. ಬೇರಿನ ಚಿಕಿತ್ಸೆ ಬೇಕಾಗ್ತದೆ, ವರ್ಷಗಟ್ಟಲೆ ನೋಡ್ತಿರಬೇಕು. ಆದ್ರೆ ಹಾಲಲ್ಲಿ ಇಟ್ಟು, ತಿಕ್ಕದೆ, ಟೈಮಿಗೆ ತಂದ್ರಲ್ಲ, ಇಷ್ಟು ಸರಿಯಾಗಿ ತರೋರು ಕಡಿಮೆ."

"ನಾ ಒಬ್ಳೇ ತಂದಿದ್ದಲ್ಲ," ಎಂದರು ವನಜಮ್ಮ. ತಿರುಗಿ ನೋಡಿದರೆ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಯಾರೂ ಇಳಿದಿರಲಿಲ್ಲ. ಕಿಟಕಿಯಿಂದ ಮಂಜಪ್ಪ ತಲೆ ಹೊರಗೆ ಹಾಕಿ, "ಕೂತಿತಾ?" ಎಂದು ಕೇಳಿದ. ವನಜಮ್ಮ ತಲೆಯಾಡಿಸಿದ ಮೇಲೆ ಕಮಾಲುದ್ದೀನ್ ಗೇರ್ ಹಾಕಿದ.

ಎರಡು ವಾರಕ್ಕೆ ತಂತಿ ಬಿಚ್ಚಿದರು. ವರ್ಷ ಎರಡಾಯಿತು, ಹಲ್ಲು ನಿಂತಿದೆ. ಗಗನಾ ಬಸ್ಸು ಹತ್ತಿದರೆ ಗಜಾನನ ಇವತ್ತಿಗೂ, "ಮೊದ್ಲು ಹಲ್ಲು ತೋರ್ಸು, ಟಿಕೆಟ್ ಆಮೇಲೆ," ಅನ್ನುತ್ತಾನೆ. ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಾಳೆ. ಚೋಮ ತನ್ನ ಬಲಗಾಲನ್ನು ತೋರಿಸಿ, ಇದು ಡಾಕ್ಟರ ಕಾಲು ಅನ್ನುತ್ತಾನೆ.

ವನಜಮ್ಮನ ಜಗಲಿಗೆ ಈಗಲೂ ಜನ ಬರುತ್ತಾರೆ. ಲವಂಗ ಕೊಡುತ್ತಾರೆ, ಕೊಟ್ಟು ಕೊಪ್ಪದ ಬಸ್ಸಿನ ಟೈಮನ್ನೂ ಹೇಳುತ್ತಾರೆ. ಮೊನ್ನೆ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಎಲ್ಲರೆದುರು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಹಲ್ಲು ಮಾಡಿಗೆ ಎಸೆದ ಅಜ್ಜಿ ನಾನೇ," ಎಂದು ಶುರುಮಾಡಿದರು. ಅಷ್ಟು ದೊಡ್ಡ ದನಿಯಲ್ಲಿ ತನ್ನ ತಪ್ಪು ಹೇಳಿಕೊಂಡು ಅಷ್ಟು ನೆಟ್ಟಗೆ ನಿಂತವರನ್ನು ನಾನು ಬೇರೆ ನೋಡಿಲ್ಲ.

ಹಾಂ, ಈಗ ಇದನ್ನು ಮುಂದೆ ಕಳಿಸಿ. ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಚಿತ್ರ ಕಳಿಸುತ್ತೀರಲ್ಲ, ಹಾಗೆ ಕಣ್ಣುಮುಚ್ಚಿ ಅಲ್ಲ. ಮನೆಯಲ್ಲಿ ಸೈಕಲ್ ಕಲಿಯುವ ಮಗು ಇರುವವರಿಗೆ, ಮಾಡಿಗೆ ಎಸೆಯಲು ಕೈ ಎತ್ತಿದ ಅಜ್ಜಿಯಂದಿರಿಗೆ ಕಳಿಸಿ. ನರಸಿಂಹರಾಜಪುರದ ನನ್ನ ಅಕ್ಕ ಸೀತಕ್ಕನೂ ಮಾಡಿಗೆ ಎಸೆಯುವವಳೇ, ಅವಳಿಗೆ ಫೋನ್ ನೋಡಲು ಬರುವುದಿಲ್ಲ. ಅವಳ ಮನೆಯ ಹತ್ತಿರ ಇರುವವರು ಯಾರಾದರೂ ಹೋಗಿ, ಪಕ್ಕದಲ್ಲಿ ಕೂತು, ಇದನ್ನು ಪೂರ್ತಿ ಕೇಳಿಸಿ ಬನ್ನಿ.