ಬೆನ್ನು ಹಿಡಿದದ್ದು ಹೇಗೆಂದರೆ

ಮೆಟ್ಟಿಲ ಮೇಲೆ ಕಾಲುಚೀಲ, ಒಂದೇ ಒಂದು, ನೀಲಿ ಬಣ್ಣದ್ದು, ಹಿಮ್ಮಡಿಯ ಹತ್ತಿರ ಸವೆದು ತೆಳ್ಳಗಾದದ್ದು, ಇವತ್ತು ಮನೆ ಬದಲಿಸುತ್ತಿರುವ ಟೀಚರಮ್ಮನ ಬಟ್ಟೆಬುಟ್ಟಿಯಿಂದ ಜಾರಿರಬೇಕು, ಬುಟ್ಟಿ ಈಗಷ್ಟೇ ಮೇಲೆ ಹೋಯಿತು — ಎತ್ತಿಕೊಳ್ಳಬೇಕು, ಹೀಗೇ ಬಿಟ್ಟರೆ ಬೀರು ಹೊತ್ತು ಹತ್ತುವಾಗ ಕಾಲಡಿಗೆ ಸಿಕ್ಕಿ ಜಾರಿಸುತ್ತದೆ, ಆದರೆ ನೋಡು, ಕೈ ಮುಂದೆ ಹೋಗಲು ಒಪ್ಪುತ್ತಿಲ್ಲ, ಮೂವತ್ತು ವರ್ಷ ಊರಿನ ಜನರ ಮನೆ ಸಾಮಾನನ್ನೆಲ್ಲ ಹೊತ್ತವನು, ಕಬ್ಬಿಣದ ತಿಜೋರಿಗೂ ಹೆದರದವನು, ಒಂದು ಕಾಲುಚೀಲದ ಮುಂದೆ ದೊಡ್ಡವರೆದುರು ನಿಂತ ಹಾಗೆ ನಿಂತಿದ್ದೇನೆ, ಏನಾಯ್ತು ಭಾವ ಎಂದು ಕೆಳಗಿನಿಂದ ಗುಮ್ಮ ಕೇಳುತ್ತಾನೆ, ಗುಮ್ಮ ಎಂದರೆ ನನ್ನ ಹೆಂಡತಿಯ ತಮ್ಮ, ಮಾತು ಕಡಿಮೆ ಎಂದು ಅವನಕ್ಕನೇ ಇಟ್ಟ ಹೆಸರು, ಏನಿಲ್ಲವೋ ಬಂದೆ ಎನ್ನುತ್ತೇನೆ, ಏನಿಲ್ಲ ಎಂದರೆ ಸುಳ್ಳು, ಆರು ವಾರದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕುಳಿತಿದ್ದೆ, ಎಡಗಾಲಿಗೆ ಕಾಲುಚೀಲ ಏರಿಸಿಯಾಗಿತ್ತು, ಬಲಗಾಲಿನದು ಮಂಚದ ಕಾಲಿನ ಹಿಂದೆ ಬಿದ್ದಿತ್ತು, ಏಳುವ ಸೋಮಾರಿತನಕ್ಕೆ ಕುಳಿತಲ್ಲೇ ಸೊಂಟ ತಿರುಗಿಸಿ ಬಗ್ಗಿದೆ, ಎರಡು ಬೆರಳಿಗೆ ಸಿಕ್ಕಿತು ಕೂಡ — ಅಷ್ಟೇ, ಸೊಂಟದಲ್ಲಿ ಚಳಕ್ ಎಂದಿತು, ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ತಲೆ ಮಂಚದ ಕೆಳಗೆ, ಮಿಕ್ಕದ್ದೆಲ್ಲ ಮೇಲೆ, ಹೆಂಡತಿ ಬಾಗಿಲಲ್ಲಿ ಹಾದುಹೋಗುತ್ತ ರೀ ಏನು ಹುಡುಕ್ತಿದೀರಾ ಎಂದಳು, ಉತ್ತರಕ್ಕೆ ಉಸಿರಿರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದಳು, ಇನ್ನೂ ಸಿಗ್ಲಿಲ್ವಾ ಎಂದಳು.

ನಗು ಬರುತ್ತಿದೆ, ಈಗ ಬರುತ್ತಿದೆ, ಆವತ್ತು ಬರಲಿಲ್ಲ, ಆವತ್ತು ಅವಳು ನನ್ನನ್ನು ಇಂಚಿಂಚಾಗಿ ಹೊರಳಿಸಿ ಮಲಗಿಸಿದಾಗ ಕೈಯಲ್ಲಿ ಆ ಕಾಲುಚೀಲ ಹಾಗೇ ಇತ್ತು, ಬಿಡಿಸಿಕೊಂಡು ಪಕ್ಕಕ್ಕಿಟ್ಟಳು, ಅದೇ ಮಧ್ಯಾಹ್ನ ಲಾರಿಯ ಯಜಮಾನರು ಮನೆಗೆ ಬಂದರು, ಒಳ್ಳೆಯ ಮನುಷ್ಯ, ಆದರೆ ಗಂಟಲು ದೊಡ್ಡದು, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಹೇಗಾಯ್ತಯ್ಯಾ ಎಂದರು, ಕಾಲುಚೀಲ ಎತ್ತಲು ಹೋಗಿ ಎಂದು ಹೇಳಬೇಕಿತ್ತು, ಆದರೆ ಹೇಗೆ ಹೇಳಲಿ, ಗಂಡಸು ಎಂದರೆ ಅವನು ಎಂದು ಹೊಸಬರಿಗೆ ನನ್ನನ್ನೇ ತೋರಿಸುವವರು ಅವರು, ನಿನ್ನೆ ಫ್ರಿಜ್ಜು ಎಂದುಬಿಟ್ಟೆ, ಹಿಂದಿನ ದಿನ ನಾನೂ ಗುಮ್ಮನೂ ಎರಡು ಬಾಗಿಲಿನ ದೊಡ್ಡ ಫ್ರಿಜ್ಜು ಮೆಟ್ಟಿಲ ಮೇಲೆ ಹೊತ್ತಿದ್ದೆವಲ್ಲ, ಅದಕ್ಕೇನೂ ಆಗಿರಲಿಲ್ಲ, ಹೂವು ಇಟ್ಟ ಹಾಗೆ ಇಟ್ಟು ಬಂದಿದ್ದೆವು, ಯಜಮಾನರು ಕೇಳಿದರು ಕೆಳಗಡೆ ಯಾರಿದ್ದದ್ದು, ಗುಮ್ಮ ಎಂದೆ, ಅವನು ಕೈ ಸಡಿಲ ಬಿಟ್ನಾ ಎಂದರು, ಅದೇ ಹೊತ್ತಿಗೆ ಸೊಂಟದಲ್ಲಿ ಕೊಕ್ಕೆ ಹಾಕಿ ಎಳೆದ ಹಾಗಾಯಿತು, ಹ್ಞೂಂ ಎಂದು ನರಳಿದೆ — ನರಳಿದ್ದು, ಒಪ್ಪಿದ್ದಲ್ಲ, ಆದರೆ ಅವರು ಒಪ್ಪಿಗೆ ಎಂದುಕೊಂಡರು, ಅಲ್ಲ ಎನ್ನಲು ನನಗೆ ಇಡೀ ಮಧ್ಯಾಹ್ನ ಇತ್ತು, ಮರುದಿನ ಇತ್ತು, ಆರು ವಾರ ಇತ್ತು. ಅನ್ನಲಿಲ್ಲ. ಗುಮ್ಮನನ್ನು ಮೆಟ್ಟಿಲ ಕೆಲಸದಿಂದ ತೆಗೆದು ಗೋದಾಮಿಗೆ ಹಾಕಿದರು, ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುವ ಕೆಲಸಕ್ಕೆ, ಕೈ ಬಿಟ್ಟವನು ಎಂದು ಲಾರಿಯ ಹುಡುಗರೆಲ್ಲ ಆಡಿಕೊಂಡರಂತೆ, ಹದಿನಾಲ್ಕು ವರ್ಷದಲ್ಲಿ ಒಂದು ಗಾಜಿನ ಲೋಟವನ್ನೂ ಕೈ ಬಿಡದವನನ್ನು, ಅವನು ಮಾತ್ರ ದಿನಾ ಸಂಜೆ ಬಂದು ನನ್ನ ಮಂಚದ ಹತ್ತಿರ ಕುಳಿತು ಹೇಗಿದೆ ಭಾವ ಎನ್ನುತ್ತಿದ್ದ, ಅದೊಂದೇ ಮಾತು, ಆಮೇಲೆ ಬಿಸಿನೀರಿನ ಚೀಲ ಆರಿದ್ದರೆ ತುಂಬಿಸಿ ಕೊಟ್ಟು ಹೋಗುತ್ತಿದ್ದ, ಅವನು ಹೊರಗೆ ಕಾಲಿಟ್ಟ ಮೇಲೂ ಆ ಚೀಲ ಸೊಂಟಕ್ಕಿಂತ ಹೆಚ್ಚು ಮುಖವನ್ನೇ ಕಾಯಿಸುತ್ತಿತ್ತು.

ಮೊದಲ ನಾಲ್ಕು ದಿನ ಮರದ ದಿಮ್ಮಿಯ ಹಾಗೆ ಮಲಗಿದೆ, ಅಲ್ಲಾಡಬೇಡಿ ಎಂದು ಬಂದವರೆಲ್ಲ ಹೇಳಿದರು, ಹಲಗೆ ಹಾಕಿ ಮಲಗು ಎಂದರು, ಬಾರು ಕಟ್ಟಿ ನೇತಾಡು ಎಂದರು, ಬೆನ್ನಿನ ಮೇಲೆ ಒಬ್ಬ ಹಗುರವಾದವನನ್ನು ನಡೆಸು ಎಂದರು, ಬೆನ್ನುನೋವು ಬಂದವನ ಮನೆಗೆ ಬಂದವರೆಲ್ಲ ಡಾಕ್ಟರೇ, ಮಲಗಿದಷ್ಟೂ ಬೆನ್ನು ಮರಗಟ್ಟಿತು, ಐದನೆಯ ದಿನ ಹೆಂಡತಿ ಆಟೋ ತರಿಸಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು, ಅಲ್ಲಿ ಡಾಕ್ಟರು ಕಾಲು ಎತ್ತಿಸಿ ಬೆರಳು ಮುಟ್ಟಿ ನೋಡಿ ಕಾಲು ಜೋಮು ಹಿಡಿಯುತ್ತಾ, ಮೂತ್ರಕ್ಕೆ ತೊಂದರೆ ಇದೆಯಾ, ಎಂದೆಲ್ಲ ಕೇಳಿ, ಇಲ್ಲವೆಂದಾದ ಮೇಲೆ ಸ್ನಾಯು ಹಿಡಿದಿದೆ ಅಷ್ಟೇ ಎಂದು ಫಿಸಿಯೋ ಹತ್ತಿರ ಕಳಿಸಿದರು, ಫಿಸಿಯೋ ಎಂದರೆ ನನ್ನ ಎದೆಮಟ್ಟ ಬರುವ ಹುಡುಗಿ, ಮಲಗಿದ್ದು ಸಾಕು ಅಣ್ಣ ಎದ್ದು ನಡೀರಿ ಎಂದಳು, ಸಿಟ್ಟು ಬಂತು, ನಡೆಯಲು ಆಗುವಂತಿದ್ದರೆ ಇಲ್ಲಿಗೇಕೆ ಬರುತ್ತಿದ್ದೆ, ಆದರೆ ಆ ಹುಡುಗಿಯ ಗದರಿಕೆಯಲ್ಲಿ ಏನೋ ಇತ್ತು, ವರಾಂಡದಲ್ಲಿ ಹತ್ತು ಹೆಜ್ಜೆ, ಮರುದಿನ ಇಪ್ಪತ್ತು, ವಾರದೊಳಗೆ ಬೀದಿಯ ಕೊನೆಯ ಪೋಸ್ಟ್ ಡಬ್ಬಿಯವರೆಗೆ, ಮನೆಯಲ್ಲಿ ಬೆಳಿಗ್ಗೆ ಸಂಜೆ ಅಂಗಾತ ಮಲಗಿ ಮಂಡಿ ಎದೆಗೆ, ಸೊಂಟ ಎತ್ತಿ ಹತ್ತು ಎಣಿಸಿ ಇಳಿಸು, ನಾಲ್ಕು ಕಾಲಲ್ಲಿ ನಿಂತು ಬೆಕ್ಕಿನ ಹಾಗೆ ಬೆನ್ನು ಉಬ್ಬಿಸು, ಮತ್ತೆ ತಗ್ಗಿಸು, ಹೆಂಡತಿ ಬಾಗಿಲಿಗೊರಗಿ ನೋಡಿ ಮಿಯಾವ್ ಎನ್ನಿ ಎನ್ನುವಳು, ಹೀಗೆ ಮೂರು ವಾರ ಕಳೆದ ಮೇಲೆ ಫಿಸಿಯೋ ಹುಡುಗಿ ನೆಲದ ಮೇಲೆ ಒಂದು ಪೆನ್ಸಿಲ್ ಇಟ್ಟು ಎತ್ತಿ ಅಣ್ಣ ಎಂದಳು, ನಾನು ಗಂಡಸಿನ ಹಾಗೆ ಸೊಂಟದಿಂದ ಬಗ್ಗಿದೆ, ಅಲ್ಲೇ ಹಿಡಿದಳು, ಇದೇ ಇದೇ, ಬೆನ್ನಿಗೆ ಯಾಕೆ ಕೆಲಸ ಕೊಡ್ತೀರಾ, ಅಷ್ಟು ದಪ್ಪ ತೊಡೆ ಇಟ್ಕೊಂಡು, ತೊಡೆಗೆ ಕೊಡಿ, ಪೆನ್ಸಿಲ್ ಆದ್ರೂ ಅಷ್ಟೇ, ಬೀರು ಆದ್ರೂ ಅಷ್ಟೇ, ಪಾದ ಅಗಲಿಸಿ, ಮಂಡಿ ಮಡಚಿ, ಸಾಮಾನು ಮೈಗೆ ಹತ್ತಿರ ತಂದ್ಕೊಳ್ಳಿ, ತಿರುಗೋದಿದ್ರೆ ಪಾದ ತಿರುಗಿಸಿ, ಸೊಂಟ ಅಲ್ಲ, ಏಳುವಾಗ ಉಸಿರು ಬಿಡಿ, ಉಸಿರು ಕಟ್ಟಬೇಡಿ — ಮೂವತ್ತು ವರ್ಷ ಹೊತ್ತಿದ್ದೇನೆ, ಯಾರೂ ಹೀಗೆ ಹೇಳಿರಲಿಲ್ಲ, ಹಲ್ಲು ಕಚ್ಚು, ಉಸಿರು ಬಿಗಿಹಿಡಿ, ಎತ್ತು, ಇಷ್ಟೇ ನಮ್ಮ ವಿದ್ಯೆ, ಆಮೇಲೆ ಖಾಲಿ ಬಕೆಟ್ಟು, ಆಮೇಲೆ ಅರ್ಧ ಬಕೆಟ್ಟು ನೀರು, ಕಡೆಗೆ ಅವಳೇ ನಿಮಗೆ ಹೇಗೆ ಬಂತು ಅಣ್ಣ ಎಂದು ಕೇಳಿದಾಗ ಅವಳಿಗೂ ಫ್ರಿಜ್ಜು ಎಂದೆ, ಪಕ್ಕದಲ್ಲಿ ಕುಳಿತ ಹೆಂಡತಿ ಕಿಟಕಿಯ ಕಡೆ ತಿರುಗಿದಳು, ಅವಳ ಭುಜ ಅಲುಗಾಡುತ್ತಿತ್ತು, ಕೆಮ್ಮು ಎಂದುಕೊಂಡೆ.

ಇವತ್ತು ಕೆಲಸಕ್ಕೆ ಮರಳಿದ ಮೊದಲ ದಿನ, ಪಾದ ಅಗಲಿಸಿ ಮಂಡಿ ಮಡಚಿ ಶಾಸ್ತ್ರೋಕ್ತವಾಗಿ ಕಾಲುಚೀಲ ಎತ್ತಿ ಜೇಬಿಗೆ ಹಾಕಿದೆ, ಟೀಚರಮ್ಮನಿಗೆ ಕೊಡಬೇಕು, ಬೀರಿನ ಇನ್ನೊಂದು ತುದಿಗೆ ಗುಮ್ಮನೇ ಬೇಕು ಎಂದು ನಾನೇ ಯಜಮಾನರ ಹತ್ತಿರ ಹಟ ಹಿಡಿದೆ, ಅವನೇ ಬೇಕಾ, ಮತ್ತೆ ಕೈ ಬಿಟ್ರೆ ಎಂದರು, ಬಿಡಲ್ಲ ಎಂದೆ, ಅಷ್ಟೇ ಎಂದೆ, ಅಲ್ಲೂ ಬಾಯಿ ಪೂರ್ತಿ ತೆರೆಯಲಿಲ್ಲ, ಲಿಫ್ಟು ಕೆಟ್ಟಿದೆ, ನಾಲ್ಕನೇ ಮಹಡಿ, ಗಟ್ಟಿ ಮರದ ಬೀರು, ಬಾಗಿಲಿಗೆ ಹಗ್ಗ ಬಿಗಿದಿದೆ, ಗುಮ್ಮ ಹೇಳಿದ ನಾನು ಕೆಳಗಿರ್ತೀನಿ ಭಾವ, ಕೆಳಗಿರುವವನಿಗೇ ಭಾರ ಹೆಚ್ಚು, ಬೇಡವೋ ಎಂದೆ, ಅವನು ಆಗಲೇ ಕೂತು ಅಂಚಿಗೆ ಕೈ ಹಾಕಿದ್ದ, ಎತ್ತಿದೆವು, ಉಸಿರು ಬಿಟ್ಟೆ, ಬೆನ್ನು ಏನೂ ಅನ್ನಲಿಲ್ಲ, ತೊಡೆ ಮಾತ್ರ ಬಿಗಿಯಾಯಿತು, ಆಹಾ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು, ಬೀರು ಅಡ್ಡ ಇರುವುದರಿಂದ ಅವನ ಮುಖ ಕಾಣುವುದಿಲ್ಲ, ಕಾಣುವುದು ಬೀರಿನ ಪಕ್ಕದ ಅಂಚನ್ನು ಹಿಡಿದ ಅವನ ಎಡಗೈಯ ನಾಲ್ಕು ಬೆರಳು, ಉಗುರಿನ ಸುತ್ತ ಕಂದು ಬಣ್ಣದ ಅಂಟು, ಗೋದಾಮಿನ ಟೇಪಿನ ಅಂಟು, ಉಜ್ಜಿದ್ದಾನೆ, ಹೋಗಿಲ್ಲ, ಮೊದಲ ಮಹಡಿ, ನಿಧಾನ ಭಾವ ಎನ್ನುತ್ತಾನೆ, ಪಾದ ತಿರುಗಿಸು ಸೊಂಟವಲ್ಲ, ತಿರುಗಿಸಿದೆ, ಮತ್ತೆ ಆ ಬೆರಳು, ಎರಡನೇ ಮಹಡಿ, ಯಾರದೋ ಮನೆಯಲ್ಲಿ ರೇಡಿಯೋ, ಯಾರೋ ಬಾಗಿಲು ತೆರೆದು ನೋಡಿ ಮುಚ್ಚಿದರು, ಬೆರಳು ಹಾಗೇ ಇದೆ, ಒತ್ತಿ ಬಿಳಿಚಿಕೊಂಡಿದೆ, ಇದನ್ನೇ ಸಡಿಲ ಬಿಟ್ಟಿತು ಎಂದು ಊರೆಲ್ಲ ಆಡಿಕೊಂಡದ್ದು, ನಾನು ಸುಮ್ಮನಿದ್ದದ್ದು, ಎದೆ ಬಿಗಿಯುತ್ತಿದೆ, ಉಸಿರು ಕಟ್ಟಿದ್ದೇನೆ, ಯಾವಾಗಿನಿಂದ ಕಟ್ಟಿದ್ದೇನೋ, ಸೊಂಟದಲ್ಲಿ ಸಣ್ಣಗೆ ಎಚ್ಚರಿಕೆ ಕೊಟ್ಟ ಹಾಗಾಯಿತು, ಉಸಿರು ಬಿಡಿ ಅಣ್ಣ, ಬಿಟ್ಟೆ, ಉಸಿರಿನ ಜೊತೆಗೇ ಅದೂ ಬಂದುಬಿಟ್ಟಿತು, ಗುಮ್ಮಾ ಅದು ಫ್ರಿಜ್ಜಲ್ಲವೋ, ಕಾಲುಚೀಲ, ಮಂಚದ ಹತ್ತಿರ ಕಾಲುಚೀಲ ಎತ್ತಕ್ಕೆ ಹೋಗಿ ಹಿಡ್ಕೊಂಡಿದ್ದು, ನೀನು ಕೈ ಬಿಡಲಿಲ್ಲ, ನಾನೇ ಸುಮ್ನಿದ್ದುಬಿಟ್ಟೆ, ತಪ್ಪಾಯ್ತು ಕಣೋ. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಹೊಡೆದರೂ ಸರಿ, ಬೈದರೂ ಸರಿ, ಇವನಿಗೆ ಬೈಯಲು ಮಾತಾದರೂ ಎಲ್ಲಿದೆ, ಆಮೇಲೆ ಆಚೆಯಿಂದ ಬಂತು, ಗೊತ್ತು ಭಾವ.

ಮೂರನೇ ಮಹಡಿಯ ತಿರುವಿನಲ್ಲಿ ಇಳಿಸಿದೆವು, ಇಬ್ಬರೂ ಮಂಡಿ ಮಡಚಿ, ನನ್ನನ್ನು ನೋಡಿ ಅವನೂ ಮಡಚಿದ, ಗೊತ್ತು ಅಂದ್ರೇನೋ ಎಂದೆ, ಅಕ್ಕ ಆವತ್ತೇ ಹೇಳಿದ್ಳು, ಯಜಮಾನ್ರು ಬಂದಾಗ ಅವಳು ಒಳಗಿದ್ಳಂತೆ, ಎಲ್ಲ ಕೇಳಿಸ್ಕೊಂಡಿದ್ಳು, ಮತ್ತೆ ನೀನ್ಯಾಕೆ ಸುಮ್ನಿದ್ದೆ ಎಂದೆ, ನಾನು ಹೋಗಿ ಕಾಲುಚೀಲ ಅಂದ್ರೆ ಹುಡುಗ್ರು ನಿಮ್ಮನ್ನ ಬಿಡ್ತಿದ್ರಾ, ಅದಕ್ಕೇ ಎಂದು ಬೆವರು ಒರೆಸಿಕೊಂಡ, ಆದ್ರೆ ಬೇಜಾರಾಗಿತ್ತು ಭಾವ, ದಿನಾ ಸಂಜೆ ಬರ್ತಿದ್ದೆ, ಇವತ್ತು ಹೇಳ್ತೀರೇನೋ ಅಂತ, ಎಂದ, ಇಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ, ದಿನಾ ಸಂಜೆ, ಆರು ವಾರ, ನಾನು ಬಿಸಿನೀರಿನ ಚೀಲ ತುಂಬಿಸಲು ಬರುತ್ತಾನೆ ಎಂದುಕೊಂಡಿದ್ದೆ, ಹೀಗೇ ನಿಂತರೆ ಮಾತು ಮತ್ತೆ ನುಂಗಿಬಿಡುತ್ತೇನೆ ಎನ್ನಿಸಿ ತಿರುವಿನ ಕಿಟಕಿಗೆ ಹೋದೆ, ಕೆಳಗೆ ಲಾರಿಯ ಪಕ್ಕ ಯಜಮಾನರು, ಸುತ್ತ ನಾಲ್ಕೈದು ಜನ ನಮ್ಮವರೇ, ಎದುರಿನ ಅಂಗಡಿಯವರು, ಟೀಚರಮ್ಮ ಹೂಕುಂಡ ತಬ್ಬಿಕೊಂಡು, ಯಜಮಾನ್ರೇ ಎಂದು ಕೂಗಿದೆ, ಏನಯ್ಯಾ ಬೀರು ಸಿಕ್ಕಿಹಾಕ್ಕೊಂಡ್ತಾ ಎಂದರು, ಇಲ್ಲ, ಕಾಲುಚೀಲ, ಏನು ಚೀಲ, ಕಾಲುಚೀಲ, ನನ್ನ ಬೆನ್ನು ಹಿಡಿದಿದ್ದು ಕಾಲುಚೀಲ ಎತ್ತಕ್ಕೆ ಹೋಗಿ, ಫ್ರಿಜ್ಜು ಸುಳ್ಳು, ಗುಮ್ಮ ಕೈ ಬಿಟ್ಟಿಲ್ಲ, ಹುಡುಗರು ನಕ್ಕ ನಗೆಗೆ ಎದುರು ಮನೆಗಳ ಕಿಟಕಿಗಳೂ ತೆರೆದುಕೊಂಡವು, ಯಜಮಾನರು ನಗಲಿಲ್ಲ, ತಲೆಯೆತ್ತಿ ಕೆಳಗೆ ಬಾ ನಿನಗಿದೆ ಎಂದರು, ಆಮೇಲೆ ದನಿ ಬದಲಿಸಿ ಗುಮ್ಮಾ, ನಾಳೆಯಿಂದ ಗೋದಾಮು ಬೇಡಪ್ಪ, ನನ್ನದೂ ತಪ್ಪಾಯ್ತು, ನಿನ್ನನ್ನೊಂದು ಮಾತು ಕೇಳಬೇಕಿತ್ತು ಎಂದರು, ಗುಮ್ಮ ಕಿಟಕಿಗೆ ಬರಲೇ ಇಲ್ಲ, ಬೀರಿನ ಹಿಂದೆಯೇ ಮುಖ ಮರೆಸಿಕೊಂಡು ನಿಂತಿದ್ದ. ಇನ್ನೊಂದೇ ಮಹಡಿ, ಎತ್ತೋಣ ಭಾವ, ಎತ್ತೋಣ, ಪಾದ ಅಗಲಿಸು, ಮಂಡಿ, ಮೈಗೆ ಹತ್ತಿರ, ಉಸಿರು ಬಿಡು, ಎದ್ದೆವು, ಇಷ್ಟು ಹಗುರ ಈ ಬೀರು ಇರಲೇ ಇಲ್ಲ, ಒಂದು ಮೆಟ್ಟಿಲು, ಆಚೆಯಿಂದ ಅವನ ದನಿ, ಯಾವ ಬಣ್ಣದ್ದು ಭಾವ, ಏನು, ಕಾಲುಚೀಲ, ಬೂದಿ ಬಣ್ಣದ್ದು ಕಣೋ, ನಗಿಸಬೇಡ, ಸಾಮಾನು ಕೈಯಲ್ಲಿದೆ, ನಗಿಸ್ತಿಲ್ಲ ಭಾವ, ಕೇಳ್ದೆ, ಬಲಗಾಲಿಂದಾ, ಅಯ್ಯೋ ಸುಮ್ನಿರೋ, ನನ್ನ ಹೊಟ್ಟೆ ಕುಲುಕುತ್ತಿದೆ, ಬೀರು ಕುಲುಕುತ್ತಿದೆ, ಅವನ ಮುಖ ಕಾಣುವುದಿಲ್ಲ, ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗುವುದಿಲ್ಲ, ಬೀರಿನ ಅಂಚಿನಲ್ಲಿ ನಾಲ್ಕು ಬೆರಳು, ಉಗುರಿನ ಸುತ್ತ ಕಂದು ಅಂಟು, ಗಡಗಡ ನಡುಗುತ್ತ, ಒತ್ತಿ ಬಿಳಿಚಿಕೊಂಡು, ನಾಲ್ಕು ಬೆರಳು —